ಸಿಲಿಂಡರ್ ತಳದ ಎಣ್ಣೆಯಲ್ಲಿ ಸಿಕ್ಕ ಫ್ಯಾರಡೆ

ಎಲೆಕ್ಟ್ರಿಕಲ್ ಓದುವ ನಮಗೆ ಮೈಕೆಲ್ ಫ್ಯಾರಡೆ ಮನೆಯ ಹಿರಿಯನಿದ್ದಂತೆ. ಮೋಟಾರ್, ಜನರೇಟರ್, ಟ್ರಾನ್ಸ್‌ಫಾರ್ಮರ್, ಯಾವ ಪಾಠ ತೆರೆದರೂ ಅವನ ಹೆಸರು ಬರುತ್ತದೆ. ಆದರೆ ಬಿಇ ಮೊದಲ ವರ್ಷದಲ್ಲಿ ನಾನು ಓದಿದ ಕೆಮಿಸ್ಟ್ರಿ ಪುಸ್ತಕದ ಹೈಡ್ರೋಕಾರ್ಬನ್, ಪಾಲಿಮರ್ ಪಾಠಗಳಲ್ಲಿ ಅವನ ಸುಳಿವೇ ಇರಲಿಲ್ಲ. ಇರಬೇಕಿತ್ತು. ವಿದ್ಯುತ್ತಿನಿಂದ ಹೆಸರು ಮಾಡುವ ಮೊದಲು ಅವನ ಹೊಟ್ಟೆ ತುಂಬಿಸಿದ್ದು ರಸಾಯನಶಾಸ್ತ್ರ.

1791ರ ಸೆಪ್ಟೆಂಬರ್ 22ರಂದು ಲಂಡನ್ ಪಕ್ಕದಲ್ಲಿ ಹುಟ್ಟಿದ. ಅಪ್ಪ ಕಮ್ಮಾರ, ಅದರಲ್ಲೂ ಕಾಯಿಲೆಯ ಮನುಷ್ಯ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಈ ಹುಡುಗನ ಪಾಲಿಗೆ ಬರುತ್ತಿದ್ದದ್ದು ವಾರಕ್ಕೊಂದು ಬ್ರೆಡ್ಡು. ಓದು, ಬರಹ, ಒಂದಿಷ್ಟು ಲೆಕ್ಕ, ಅಲ್ಲಿಗೆ ಶಾಲೆ ಮುಗಿಯಿತು. ಹದಿಮೂರಕ್ಕೆ ಪುಸ್ತಕದಂಗಡಿಯಲ್ಲಿ ಸಾಮಾನು ತಲುಪಿಸುವ ಕೆಲಸಕ್ಕೆ ಸೇರಿದ. ಮರುವರ್ಷದಿಂದ ಏಳು ವರ್ಷ ಅಲ್ಲೇ ಪುಸ್ತಕಕ್ಕೆ ರಟ್ಟು ಕಟ್ಟುವುದನ್ನು ಕಲಿತ. ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತಿದ್ದ. ಜೇನ್ ಮಾರ್ಸೆಟ್ ಎಂಬ ಹೆಣ್ಣುಮಗಳು ಬರೆದ ರಸಾಯನಶಾಸ್ತ್ರದ ಪುಸ್ತಕ ಅವನಿಗೆ ಸಿಕ್ಕಿದ್ದು ಹೀಗೇ. ಅದರಲ್ಲಿದ್ದ ಪ್ರಯೋಗಗಳನ್ನು ಕೈಯಲ್ಲಿದ್ದ ಪುಡಿಗಾಸಿನಲ್ಲಿ ಮಾಡಿ ನೋಡಿದ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಕೊಡುವ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ನಾಲ್ಕು ಉಪನ್ಯಾಸ ಕೇಳಿದ, ಚಿತ್ರಸಮೇತ ನೋಟ್ಸ್ ಬರೆದ. ವಿಜ್ಞಾನದ ಯಾವ ಕೆಲಸವಾದರೂ ಸರಿ ಎಂದು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಅರ್ಜಿ ಹಾಕಿದ. ಉತ್ತರವೇ ಬರಲಿಲ್ಲ. ಅರ್ಜಿ ಕಳಿಸಿ ದಿನಕ್ಕೆ ಹತ್ತು ಸಲ ಮೇಲ್ ತೆಗೆದು ನೋಡುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆಮೇಲೆ ಆ ನೋಟ್ಸ್‌ಗೆ ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಡೇವಿ ಕರೆಸಿ ಮಾತಾಡಿಸಿದರು, ಆದರೆ ಕೆಲಸ ಖಾಲಿ ಇರಲಿಲ್ಲ. ಖಾಲಿಯಾದದ್ದು ಪ್ರಯೋಗಾಲಯದ ಸಹಾಯಕ ಜಗಳ ಮಾಡಿಕೊಂಡು ಕೆಲಸ ಕಳೆದುಕೊಂಡ ಮೇಲೆ. ಫ್ಯಾರಡೆಯದು ಬರೀ ಪರಿಶ್ರಮದ ಕಥೆ ಎಂದು ಭಾಷಣ ಮಾಡುವವರು ಈ ಜಗಳವನ್ನು ಬಿಟ್ಟುಬಿಡುತ್ತಾರೆ. ನೋಟ್ಸ್ ಇಲ್ಲದಿದ್ದರೆ ಡೇವಿಗೆ ಅವನ ನೆನಪಾಗುತ್ತಿರಲಿಲ್ಲ, ಜಗಳ ಇಲ್ಲದಿದ್ದರೆ ಜಾಗವೇ ಇರುತ್ತಿರಲಿಲ್ಲ. 1813ರ ಮಾರ್ಚ್‌ನಲ್ಲಿ ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಮೇಲಂತಸ್ತಿನಲ್ಲಿ ಎರಡು ಕೋಣೆ. ಅದೇ ವರ್ಷ ಡೇವಿ ದಂಪತಿಯ ಜೊತೆ ಯುರೋಪ್ ಪ್ರವಾಸಕ್ಕೆ ಹೋದಾಗ ಡೇವಿಯವರ ಹೆಂಡತಿ ಅವನನ್ನು ಆಳಿನಂತೆ ನಡೆಸಿಕೊಂಡರು. ಸಹಿಸಿಕೊಂಡ.

ಈಗ 1825ಕ್ಕೆ ಬರೋಣ. ಆಗ ಲಂಡನ್‌ನಲ್ಲಿ ಒಂದು ಕಂಪನಿ ಎಣ್ಣೆಯನ್ನು ಜೋರಾಗಿ ಕಾಸಿ ಅನಿಲ ಮಾಡಿ, ವಾಯುಮಂಡಲದ 30 ಪಟ್ಟು ಒತ್ತಡದಲ್ಲಿ ಪಾತ್ರೆಗಳಿಗೆ ತುಂಬಿ, ದೀಪ ಉರಿಸಲು ಮಾರುತ್ತಿತ್ತು. ನಮ್ಮ ಕಕ್ಕೇರಾದಲ್ಲಿ ಮನೆಮನೆಗೆ ಬರುವ ಸಿಲಿಂಡರ್‌ನ ಮುತ್ತಜ್ಜ ಅನ್ನಿ. ಹೀಗೆ ಒತ್ತಿ ತುಂಬುವಾಗ ಪಾತ್ರೆಯ ತಳದಲ್ಲಿ ಎಣ್ಣೆಯಂಥ ದ್ರವ ಕೂಡುತ್ತಿತ್ತು. ಸಾವಿರ ಘನ ಅಡಿ ಅನಿಲಕ್ಕೆ ಹೆಚ್ಚುಕಡಿಮೆ ಒಂದು ಗ್ಯಾಲನ್. ಅದು ಫ್ಯಾರಡೆಯ ಕೈಗೆ ಬಂತು.

ಅವನು ಮಾಡಿದ್ದು ಬಟ್ಟಿ ಇಳಿಸುವ ಕೆಲಸ. ಬೇರೆ ಬೇರೆ ಶಾಖಕ್ಕೆ ಆವಿಯಾಗಿ ಬಂದದ್ದನ್ನು ಬೇರೆ ಬೇರೆ ಸೀಸೆಗೆ ಹಿಡಿಯುವುದು, ಪ್ರತಿಯೊಂದನ್ನೂ ಮತ್ತೆ ಬಟ್ಟಿ ಇಳಿಸುವುದು, ಮತ್ತೆ ಮತ್ತೆ. ಸುಮಾರು 80ರಿಂದ 88 ಡಿಗ್ರಿ ಸೆಲ್ಸಿಯಸ್ ನಡುವೆ ಬಂದ ಭಾಗ ಎಲ್ಲಕ್ಕಿಂತ ಹೆಚ್ಚಾಗಿತ್ತು. ಅದನ್ನು ಮಂಜಿನಷ್ಟು ತಣ್ಣಗೆ ಮಾಡಿದ. ಗಟ್ಟಿಯಾದದ್ದನ್ನು ಒತ್ತಿ, ಗಟ್ಟಿಯಾಗದ ಎಣ್ಣೆಯನ್ನು ಹಿಂಡಿ ತೆಗೆದ. ಕೊನೆಗೆ ಉಳಿದದ್ದು ಐದೂವರೆ ಡಿಗ್ರಿಗೆ ಕರಗುವ ಬಿಳಿ ಹರಳು. ಇಂದಿನ ಬೆಂಜೀನ್ ಅದೇ. ಬಣ್ಣ, ಔಷಧಿ, ಥರ್ಮೋಕೋಲ್ ಎಲ್ಲದರ ಹಿಂದೆಯೂ ಇರುವ ಹೈಡ್ರೋಕಾರ್ಬನ್. ಒಂದು ಹೈಡ್ರೋಜನ್‌ಗೆ ಎರಡು ಇಂಗಾಲ ಎಂದು ಅವನ ಲೆಕ್ಕ ಬಂತು. ತೂಕದ ಅಳತೆ ಸರಿಯಾಗಿಯೇ ಇತ್ತು, ಆದರೆ ಅವನು ಇಂಗಾಲದ ಪರಮಾಣು ತೂಕವನ್ನು 12ರ ಬದಲು 6 ಎಂದು ಹಿಡಿದಿದ್ದ. ಇವತ್ತಿನ ಲೆಕ್ಕದಲ್ಲಿ ಅದು ಒಂದಕ್ಕೊಂದು. ಅವನು ಇಟ್ಟ ಹೆಸರು, ಬೈಕಾರ್ಬುರೆಟ್ ಆಫ್ ಹೈಡ್ರೋಜನ್, ಉಳಿಯಲಿಲ್ಲ. ಜರ್ಮನಿಯ ಮಿಟ್ಷರ್‌ಲಿಕ್ ಮುಂದೆ ಇಟ್ಟ ಹೆಸರಿನಿಂದ ಬೆಂಜೀನ್ ಬಂತು.

ಅದೇ ದ್ರವದಿಂದ ಫ್ಯಾರಡೆಗೆ ಇನ್ನೊಂದು ಅನಿಲವೂ ಸಿಕ್ಕಿತು. ನನಗೆ ಬೆಂಜೀನ್‌ಗಿಂತ ಇದೇ ದೊಡ್ಡದು ಅನಿಸುತ್ತದೆ. ಎಥಿಲೀನ್ ಆಗಲೇ ಗೊತ್ತಿತ್ತು. ಹೊಸ ಅನಿಲದಲ್ಲೂ ಇಂಗಾಲ, ಹೈಡ್ರೋಜನ್ ಅದೇ ಪ್ರಮಾಣದಲ್ಲಿದ್ದವು. ಆದರೆ ತೂಕ ಎರಡರಷ್ಟು, ಗುಣವೂ ಬೇರೆ. ಅದು ಬ್ಯುಟಿಲೀನ್: ಎಥಿಲೀನ್‌ನಲ್ಲಿ ಎರಡು ಇಂಗಾಲ, ಇದರಲ್ಲಿ ನಾಲ್ಕು. ಧಾತುಗಳೂ ಪ್ರಮಾಣವೂ ಒಂದೇ ಇದ್ದರೆ ವಸ್ತುವೂ ಒಂದೇ ಎಂದು ನಂಬಿದ್ದ ಕಾಲ ಅದು. ಇಂಥ ಜೋಡಿಗಳಿಗೊಂದು ಹೆಸರು ಬೇಕೆಂದು ಸ್ವೀಡನ್ನಿನ ಬರ್ಜೀಲಿಯಸ್ 1833ರಲ್ಲಿ ಕಟ್ಟಿದ ಪದವೇ ಪಾಲಿಮರ್. ಸಾವಿರಾರು ಘಟಕಗಳು ಕೊಂಡಿಯಂತೆ ಸೇರಿದ ಉದ್ದ ಸರಪಳಿ ಎಂಬ ಇಂದಿನ ಅರ್ಥ ಬಂದದ್ದು 1920ರ ನಂತರ, ಸ್ಟೌಡಿಂಗರ್‌ನಿಂದ. ಮೆಣಸಿನಕಾಯಿ ಒಣಹಾಕುವ ತಾಡಪತ್ರಿ, ಹೊಲಕ್ಕೆ ನೀರು ಒಯ್ಯುವ ಕರಿ ಪೈಪು, ಎರಡೂ ಅದೇ ಎಥಿಲೀನ್ ಕೊಂಡಿಯ ಪಾಲಿಥೀನ್.

ಮರುವರ್ಷ ರಬ್ಬರನ್ನು ವಿಶ್ಲೇಷಿಸಿ, ಅದೂ ಹೈಡ್ರೋಕಾರ್ಬನ್ನೇ, ಐದು ಇಂಗಾಲಕ್ಕೆ ಎಂಟು ಹೈಡ್ರೋಜನ್ ಎಂದು ತೋರಿಸಿದ. ಅದಕ್ಕೂ ಮೊದಲು, 1824ರಲ್ಲಿ, ಹೈಡ್ರೋಜನ್ ತುಂಬಿಡಲು ಎರಡು ರಬ್ಬರ್ ಹಾಳೆಗಳ ಅಂಚು ಒತ್ತಿ ಅಂಟಿಸಿ ಚೀಲ ಮಾಡಿಕೊಂಡಿದ್ದ. ಜಾತ್ರೆಯಲ್ಲಿ ಮಾರುವ ಪುಗ್ಗಾದ ಮೂಲ ಇದು!

1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ. ಅದು ನಮಗೆಲ್ಲ ಬಾಯಿಪಾಠ, ಬಿಡಿ. ಅಷ್ಟಾದರೂ ಹೈಡ್ರೋಕಾರ್ಬನ್‌ನ ನಂಟು ಬಿಡಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಒಂದೇ ಒಂದು ಮೇಣದಬತ್ತಿ ಹಚ್ಚಿಟ್ಟು ಆರು ಉಪನ್ಯಾಸ ಕೊಟ್ಟ. ಮೇಣ ಕರಗಿ ಬತ್ತಿ ಏರುವುದು, ಆವಿಯಾಗಿ ಉರಿಯುವುದು, ನೀರೂ ಇಂಗಾಲದ ಡೈಆಕ್ಸೈಡೂ ಆಗುವುದು, ಎಲ್ಲವನ್ನೂ ಮಾಡಿ ತೋರಿಸಿದ. 1861ರಲ್ಲಿ ಅದು ಪುಸ್ತಕವಾಯಿತು. ನೈಟ್ ಪದವಿ ಬೇಡವೆಂದ. ಒಮ್ಮೆ ತನ್ನ ಅರ್ಜಿಗೆ ಉತ್ತರ ಕೊಡದ ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ಎರಡು ಸಲ ಬೇಡವೆಂದ.

ಬೆಂಜೀನ್‌ನ ಆರು ಇಂಗಾಲಗಳು ಉಂಗುರದಂತೆ ಕೂತಿವೆ ಎಂದು ಕೆಕುಲೆ ಹೇಳಿದ್ದು 1865ರಲ್ಲಿ. ಆ ಹೊತ್ತಿಗೆ ಫ್ಯಾರಡೆಯ ನೆನಪಿನ ಶಕ್ತಿ ತೀರಾ ಕುಂದಿತ್ತು. ಎರಡು ವರ್ಷದ ನಂತರ, 1867ರ ಆಗಸ್ಟ್ 25ರಂದು ತೀರಿಕೊಂಡ. ಅವನು ಬೇರ್ಪಡಿಸಿದ ಬೆಂಜೀನ್ ಒಂದು ಸಣ್ಣ ಗಾಜಿನ ಸೀಸೆಯಲ್ಲಿ ಇಂದಿಗೂ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿದೆ.