ಡಿವಿಜಿ: ಕೆಲಸದ ನಡುವೆಯೇ ಮನಸ್ಸಿನ ಆರೈಕೆ

ಮೆಟುಚೆನ್‌ನಿಂದ ರೈಲು ಹಿಡಿದು ಕಾಲೇಜು, ಕೆಲಸ ಅಂತ ಓಡಾಡೋ ನಮಗೆ ಅಧ್ಯಾತ್ಮ ಅಂದ್ರೆ ಪರೀಕ್ಷೆ, ನೌಕರಿ, ವೀಸಾ ಎಲ್ಲಾ ಮುಗಿದ ಮೇಲಿನ ಮಾತು. ಡಿ.ವಿ. ಗುಂಡಪ್ಪನವರ ಬದುಕು ಬೇರೆಯದನ್ನೇ ಹೇಳುತ್ತೆ.

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸ ಮಾಡಿ, ಬೆಂಗಳೂರಿನಲ್ಲಿ ಪತ್ರಕರ್ತರಾದರು. ಡಿಗ್ರಿ ಇಲ್ಲದಿದ್ದರೂ ವೇದಾಂತ, ಸಾಹಿತ್ಯ, ರಾಜಕೀಯವನ್ನೆಲ್ಲ ಸ್ವಂತ ಓದಿನಿಂದ ದಕ್ಕಿಸಿಕೊಂಡರು. ಹೆಂಡತಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು, ಮನೆಯಲ್ಲಿ ಮಕ್ಕಳಿದ್ದರು. ಡಿವಿಜಿ ಮರುಮದುವೆ ಆಗಲಿಲ್ಲ, ಸಂನ್ಯಾಸಿಯೂ ಆಗಲಿಲ್ಲ. ಸಂಸಾರ, ಬರವಣಿಗೆ, ಸಾರ್ವಜನಿಕ ಕೆಲಸದ ಜೊತೆಗೇ ಚಿಂತನೆಯನ್ನೂ ಉಳಿಸಿಕೊಂಡರು.

ಅದರ ಫಲವೇ 1943ರಲ್ಲಿ ಬಂದ ‘ಮಂಕುತಿಮ್ಮನ ಕಗ್ಗ’, 945 ಪದ್ಯಗಳು. ಅಲ್ಲಿ ನಂಬಿಕೆಯಷ್ಟೇ ಸಂದೇಹವೂ ಇದೆ, ದುಃಖದ ಪಕ್ಕದಲ್ಲೇ ನಗು ಇದೆ. ದೇವರಿದ್ದಾನಾ ಅಂತ ಕೇಳೋರಿಗೂ ಜಾಗ ಇದೆ.

1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ, ಕಿರಿಯರನ್ನು ಕೂರಿಸಿಕೊಂಡು ಗೀತೆಯನ್ನೂ ರಾಜ್ಯಶಾಸ್ತ್ರವನ್ನೂ ಚರ್ಚಿಸಿದರು. ಗೀತೆಯ ಮೇಲಿನ ಅವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1970ರ ಸನ್ಮಾನದಲ್ಲಿ ಕೊಟ್ಟ ನಿಧಿಯನ್ನು ಪೂರ್ತಿ ಸಂಸ್ಥೆಗೇ ಕೊಟ್ಟುಬಿಟ್ಟರು. 1975ರಲ್ಲಿ ತೀರಿಕೊಂಡರು.

ಮನಸ್ಸಿನ ಆರೈಕೆಗೆ ಅವರು ಬಿಡುವಿಗಾಗಿ ಕಾಯಲಿಲ್ಲ, ಒಂಟಿಯಾಗಿಯೂ ಉಳಿಯಲಿಲ್ಲ. ಫೇಲಾದ ಪರೀಕ್ಷೆ, ಮನೆಯ ನೆನಪು, ನಿದ್ದೆ ಬಾರದ ರಾತ್ರಿ ನಮಗೂ ಇವೆ. ವಾರಕ್ಕೊಮ್ಮೆ ನಾಲ್ಕು ಜನ ಸೇರಿ ಒಂದು ಕಗ್ಗ ಓದಿ ಮಾತಾಡೋಣ. ಅರ್ಧ ಗಂಟೆ ಸಾಕು.