ಕಪ್ಪು ಪಟ್ಟಿಗಳು ಮತ್ತು ಕುಮಾರ ಗಂಧರ್ವರು

ಬೈಲಹೊಂಗಲದಲ್ಲಿ ಶಬ್ದದ ಪಾಠಕ್ಕೆ ಹಾರ್ಮೋನಿಯಂ ಒಯ್ದಿದ್ದೆ. ಕಪ್ಪು ಪಟ್ಟಿಗಳನ್ನಷ್ಟೇ ಬಳಸಿ, ಮೂರನೆಯದನ್ನು ಷಡ್ಜವೆಂದಿಟ್ಟರೆ ಭೂಪ್ ರಾಗದ ಐದು ಸ್ವರ; ಐದನೆಯದನ್ನು ಇಟ್ಟರೆ ಅವೇ ಪಟ್ಟಿಗಳಲ್ಲಿ ಮಾಲಕಂಸ. ಮಕ್ಕಳು ನನ್ನ ಬೆರಳು ನೋಡಿ ತಪ್ಪಿಲ್ಲದೆ ಒತ್ತಿದರು. ರಾಗ ಯಾಕೆ ಬದಲಾಯಿತೆಂದರೆ ಎಲ್ಲರೂ ಸುಮ್ಮನಾದರು. ಆಗ ಕುಮಾರ ಗಂಧರ್ವರ ಕಥೆ ಹೇಳಿದೆ.

ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ, ಗ್ರಾಮಫೋನ್ ತಟ್ಟೆ ಕೇಳಿ ದೊಡ್ಡ ಗವಾಯಿಗಳಂತೆಯೇ ಹಾಡುತ್ತಿದ್ದ ಬಾಲಕ. ಅನುಕರಣೆಯಿಂದಲೇ ಹೆಸರಾಯಿತು. ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು. ಕ್ಷಯ ಬಂದು ಒಂದು ಶ್ವಾಸಕೋಶ ಕೆಟ್ಟಿತು. ದೇವಾಸದಲ್ಲಿ ವರ್ಷಗಟ್ಟಲೆ ಹಾಡಲಾಗದೆ ಮಲಗಿದ್ದಾಗ ಮಾಳವದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಕೆಲವೇ ಸ್ವರಗಳ ಆ ಹಾಡುಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. 1992ರಲ್ಲಿ ಅಲ್ಲೇ ತೀರಿಕೊಂಡರು.

ಮರುದಿನ ಪೆಟ್ಟಿಗೆ ತೆರೆಯಲಿಲ್ಲ. ಅಜ್ಜಿಯಿಂದ ಕೇಳಿದ ಸೋಬಾನೆ ಹಾಡಿರೆಂದೆ. ಸ್ವರ ಎಣಿಸುವ ಕೆಲಸ ಅವರದ್ದೇ.