ಕೊಳೆರೋಗದ ಬೆನ್ನು ಹತ್ತಿದ ಕೋಲ್ಮನ್

ಮಳೆಗಾಲ ಶುರುವಾಯ್ತು ಅಂದ್ರೆ ಆಲೂರು, ಸಕಲೇಶಪುರ ಕಡೆಯ ನಮ್ಮ ಗೆಳೆಯರ ಮನೆಯ ಫೋನುಗಳಲ್ಲಿ ಬೇರೆ ಸುದ್ದಿ ಇರೋದಿಲ್ಲ. ಔಷಧಿ ಹೊಡೆಯೋಕೆ ಕೊನೆಗಾರ ಸಿಕ್ಕಿದ್ನಾ, ಎರಡು ದಿನ ಬಿಸಿಲು ಬರುತ್ತಾ, ಇಷ್ಟೇ. ಆ ಔಷಧಿ ಅಂದ್ರೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ. ಇದು ಅಜ್ಜನ ಕಾಲದಿಂದ ಬಂದದ್ದು ಅಂತ ನಾವು ಸುಮ್ಮನಿದ್ದೇವೆ. ಆದರೆ ನಮ್ಮ ಅಡಿಕೆ ತೋಟಗಳಿಗೆ ಅದನ್ನು ತಂದವರಲ್ಲಿ ಮುಖ್ಯರು ಕೆನಡಾದ ಒಬ್ಬ ವಿಜ್ಞಾನಿ, ಡಾ. ಲೆಸ್ಲಿ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರು ಸಂಸ್ಥಾನಕ್ಕೆ ಬಂದಾಗ ಅವರಿಗೆ ಮೂವತ್ತು ವರ್ಷ. ಬಂದ ಕೂಡಲೇ ಎದುರಾದದ್ದು ಮಲೆನಾಡಿನ ಕೊಳೆರೋಗ. ಮಳೆ ಬಿಡದೆ ಸುರಿದರೆ ಎಳೆ ಅಡಿಕೆ ಕೊಳೆತು ಬುಡದ ತುಂಬ ಉದುರುತ್ತಿತ್ತು. ವರ್ಷದ ದುಡಿಮೆ ಕೆಲವೇ ವಾರಗಳಲ್ಲಿ ನೆಲದ ಪಾಲು. ರೈತರ ಕೈಲಿದ್ದ ಉಪಾಯ ಒಂದೇ, ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಮುಚ್ಚುವುದು.

ಕೋಲ್ಮನ್ ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ರೋಗಕಾರಕವನ್ನು ಗುರುತಿಸಿದರು. ಅದು ಫೈಟಾಫ್ತೊರಾ ಗುಂಪಿನದು. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಬರಗಾಲ ತಂದದ್ದು ಇದೇ ಗುಂಪಿನ ಇನ್ನೊಂದು ಜೀವಿ. ಇದರ ಬೀಜಕಗಳು ನೀರಿನಲ್ಲಿ ಈಜಬಲ್ಲವು, ಮಳೆಹನಿ ಸಿಡಿದಂತೆ ಕಾಯಿಯಿಂದ ಕಾಯಿಗೆ ಹಾರಬಲ್ಲವು. ಕೊಟ್ಟೆ ಯಾಕೆ ಕೆಲಸ ಮಾಡುತ್ತಿತ್ತು ಅನ್ನೋದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ರೈತರ ಲೆಕ್ಕ ತಪ್ಪಿರಲಿಲ್ಲ, ಕಾರಣ ಮಾತ್ರ ಕಣ್ಣಿಗೆ ಕಂಡಿರಲಿಲ್ಲ. 1910ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು.

ಔಷಧಿಯೇನೋ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಆಗಲೇ ಇತ್ತು. ಆದರೆ ಅಲ್ಲಿನ ಮಳೆ ಬೇರೆ, ನಮ್ಮ ಮಳೆ ಬೇರೆ. ಪ್ರಯೋಗಾಲಯದಲ್ಲಿ ಗೆದ್ದದ್ದು ಮಲೆನಾಡಿನ ಜಡಿಮಳೆಯಲ್ಲಿ ತೊಳೆದು ಹೋದರೆ ಏನು ಬಂತು? ಹಾಗಾಗಿ ದ್ರಾವಣ ಗೊನೆಗೆ ಅಂಟಿಕೊಳ್ಳಲು ರಾಳ ಮತ್ತು ಸೋಡಾ ಸೇರಿಸುವ ಕ್ರಮ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಜೀವಶಾಸ್ತ್ರದ ಪ್ರಶ್ನೆ ಎಂಜಿನಿಯರಿಂಗ್ ಪ್ರಶ್ನೆಯಾಯಿತು. ಇನ್ನೊಂದು ಮಾತು: ಬೋರ್ಡೋ ರೋಗ ವಾಸಿ ಮಾಡೋದಿಲ್ಲ, ಬರದಂತೆ ತಡೆಯುತ್ತೆ. ಮಳೆ ಹಿಡಿಯುವ ಮುಂಚೆಯೇ ಹೊಡೆಯಬೇಕು, ಸುಮಾರು 40-45 ದಿನಕ್ಕೆ ಮತ್ತೊಮ್ಮೆ. ಕಾಯಿ ಇನ್ನೂ ಚೆನ್ನಾಗಿರುವಾಗಲೇ ಖರ್ಚು ಮಾಡಿ ಅಂತ ರೈತರನ್ನು ಒಪ್ಪಿಸಬೇಕಿತ್ತು. ಸೂಕ್ಷ್ಮದರ್ಶಕದ ಕೆಲಸಕ್ಕಿಂತ ಇದು ಸುಲಭವೇನಲ್ಲ.

1913ರಲ್ಲಿ ಕೃಷಿ ಇಲಾಖೆ ರೂಪುಗೊಂಡಾಗ ಕೋಲ್ಮನ್ ಅದರ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಬಂತು. ಆಲೂರು ಸೀಮೆಯ ಕಾಫಿ ಬೆಳೆಗಾರರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಕನ್ನಂಬಾಡಿಯ ನಾಲೆ ನೀರು ಮಂಡ್ಯಕ್ಕೆ ಹರಿದಾಗ ಅಲ್ಲಿ ಕಬ್ಬು ಬೆಳೆಸಿ, 1933ರಲ್ಲಿ ಸಕ್ಕರೆ ಕಂಪನಿ ಕಟ್ಟುವ ಕೆಲಸದಲ್ಲೂ ಅವರು ಮುಂದಿದ್ದರು. 1934ರಲ್ಲಿ ನಿವೃತ್ತರಾಗಿ, 1954ರಲ್ಲಿ ಕೆನಡಾದಲ್ಲಿ ತೀರಿಕೊಂಡರು.

ಕೊಳೆರೋಗ ಮಾತ್ರ ಇನ್ನೂ ಹೋಗಿಲ್ಲ. ಮಳೆ ಬಿಡುವು ಕೊಡದ ವರ್ಷ ಈಗಲೂ ತೋಟದಲ್ಲಿ ಕಾಯಿ ಉದುರುತ್ತೆ. ಮರ ಹತ್ತುವ ಕೊನೆಗಾರರು ಕಡಿಮೆಯಾಗಿದ್ದಾರೆ. ಉದ್ದ ಕೊಳವೆಯ ದೋಟಿ ಬಂದಿದೆ, ಡ್ರೋನ್ ಪ್ರಯತ್ನವೂ ನಡೆದಿದೆ. ಆದರೆ ಎಲೆಗಳ ಕೆಳಗೆ ಅಡಗಿದ ಗೊನೆಗೆ, ಎರಡು ಮಳೆಯ ನಡುವೆ, ಸರಿಯಾಗಿ ಔಷಧಿ ತಲುಪಿಸೋದು ಇವತ್ತಿಗೂ ಕಷ್ಟವೇ. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಸಿಗ್ತಿಲ್ಲ ಅಂತ ಕ್ಯಾಂಟೀನಿನಲ್ಲಿ ಕೂತಿರುವ ನಾವು, ಒಂದು ಆಷಾಢದಲ್ಲಿ ಆಲೂರಿನ ಬಸ್ಸು ಹತ್ತಿ ಗೆಳೆಯನ ತೋಟ ನೋಡಿ ಬಂದರೆ ಸಾಕು.